ಮೂಲ ಫೋಟೊ ಮೊದಲು, ಜಾಗ ಆಮೇಲೆ

ಮಂಗಳೂರಿನ ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 169ರ ಚತುಷ್ಪಥ ಕಾಮಗಾರಿ ಶುರುವಾದ ಮೇಲೆ ಆ ದಾರಿಯ ಚಹರೆಯೇ ಬದಲಾಗಿದೆ. ಹತ್ತು ಹದಿನೈದು ವರ್ಷದ ಹಿಂದೆ ಮನೆಯವರೆಲ್ಲ ಗೇಟಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊದ ಹಿಂದೆ ಆಕಸ್ಮಿಕವಾಗಿ ಸೆರೆಯಾದ ರಸ್ತೆ, ಮರ, ಅಂಗಡಿ ಇವತ್ತು ಆ ಫೋಟೊದಲ್ಲಿ ಮಾತ್ರ ಉಳಿದಿರಬಹುದು. ಅಂಥದ್ದನ್ನು ದೊಡ್ಡದು ಮಾಡಿ ನೋಡಿದರೆ ಅಂಗಡಿಯ ಬೋರ್ಡು ಓದಲು ಸಿಗಬೇಕು, ಅಜ್ಜಿಯ ಸೀರೆಯ ಅಂಚು ಕಾಣಬೇಕು. ಕಾಣದೆ ಎಲ್ಲ ಚೌಕ ಚೌಕವಾಗಿ ಒಡೆದರೆ ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ.

‘ಫೋಟೊ ಇಡುವುದಕ್ಕೆ ಯಾವುದು ಒಳ್ಳೆಯದು, ಗೂಗಲ್ಲೋ ಹಾರ್ಡ್‌ಡಿಸ್ಕೋ’ ಎಂದು ಕೇಳುವವರು ಬಹಳ. ಆ ಪ್ರಶ್ನೆಗೆ ಮುಂಚೆ ತಿಳಿಯಬೇಕಾದ ಸಂಗತಿ ಒಂದಿದೆ. ಡಿಜಿಟಲ್ ಫೋಟೊ ಇಟ್ಟಲ್ಲಿ ಮಸುಕಾಗುವುದಿಲ್ಲ. ಸಾವಿರ ಸಲ ಕಾಪಿ ಮಾಡಿದರೂ ಸಾವಿರದ ಒಂದನೆಯ ಪ್ರತಿ ಮೊದಲಿನಷ್ಟೇ ಸ್ಪಷ್ಟ. ಅದು ಸೊರಗುವುದು ಒಂದು ಆ್ಯಪಿನಿಂದ ಇನ್ನೊಂದಕ್ಕೆ, ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ದಾಟುವಾಗ. ಡೇಟಾ ಉಳಿಸಲೆಂದು ಆ್ಯಪುಗಳು ನಮ್ಮನ್ನು ಕೇಳದೆ ಅದನ್ನು ಹಿಂಡುವಾಗ. ಹಾಗಾಗಿ ಮೂಲ ಕಡತವನ್ನು ಕಾಪಾಡಿಕೊಂಡವರಿಗೆ ಜಾಗ ಎರಡನೆಯ ಪ್ರಶ್ನೆ. ಅದನ್ನು ಕಳೆದುಕೊಂಡವರು ಎಷ್ಟೇ ದುಬಾರಿ ಜಾಗ ಕೊಂಡರೂ ಕುಗ್ಗಿದ ಪ್ರತಿಯನ್ನೇ ಜೋಪಾನ ಮಾಡುತ್ತಾರೆ.

1. ಕೈಯಲ್ಲಿರುವುದು ಮೂಲವೋ ಕುಗ್ಗಿದ್ದೋ, ಈಗಲೇ ನೋಡಿ

ಜನವರಿ ಮಧ್ಯದಲ್ಲಿ ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡದ ಬಾಲಯೇಸು ಕ್ಷೇತ್ರದ ವಾರ್ಷಿಕ ಹಬ್ಬಕ್ಕೆ ಹೋದಾಗ ತೆಗೆದ ಒಂದು ಫೋಟೊ ಇದೆ ಎಂದುಕೊಳ್ಳಿ. ಗ್ಯಾಲರಿಯಲ್ಲಿ ಅದನ್ನು ತೆರೆದು ಮೇಲಕ್ಕೆ ಎಳೆಯಿರಿ, ಇಲ್ಲವೇ ‘ವಿವರ’ ಒತ್ತಿ. ಸಾಮಾನ್ಯ 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದ ಮೂಲವಾದರೆ 4032×3024 ಎಂದೋ ಅದರ ಹತ್ತಿರದ್ದೋ ಒಂದು ಅಳತೆ ಇರುತ್ತದೆ, ಗಾತ್ರ ಮೂರರಿಂದ ಐದು ಎಂಬಿ. ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು ಕೂಡ ಇರುತ್ತವೆ. ಅದೇ ಫೋಟೊ ತಂಗಿಯ ವಾಟ್ಸಾಪಿನಿಂದ ಬಂದದ್ದಾದರೆ ಅಳತೆ 1600×1200ರ ಆಸುಪಾಸಿಗೆ ಇಳಿದಿರುತ್ತದೆ, ಗಾತ್ರ ಕೆಲವು ನೂರು ಕೆಬಿ. ಕ್ಯಾಮೆರಾದ ವಿವರ ಮಾಯ. ಕಡತದ ಹೆಸರಿನಲ್ಲೂ ಗುರುತು ಸಿಗುತ್ತದೆ: ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪಿನಿಂದ ಬಂದ ಚಿತ್ರದ ಹೆಸರಲ್ಲಿ ತಾರೀಕಿನ ನಂತರ ‘ಡಬ್ಲ್ಯೂಎ’ ಎಂಬ ಎರಡು ಅಕ್ಷರ, ಆಮೇಲೆ ನಾಲ್ಕು ಅಂಕಿ.

4032×3024 ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆ. 1600×1200 ಅಂದರೆ ಹತ್ತೊಂಬತ್ತು ಲಕ್ಷ. ಆರರಲ್ಲಿ ಒಂದು ಪಾಲು ಉಳಿಯಿತು, ಐದು ಪಾಲು ಹೋಯಿತು. ಫೋನಿನ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಮೋಸ ಹೋಗುವುದು ಅಲ್ಲಿಯೇ. ಗೋಡೆಗೆ ಹಾಕಲು 12 ಇಂಚು ಎತ್ತರಕ್ಕೆ ಪ್ರಿಂಟ್ ತೆಗೆಸಿದಾಗ ಮೂಲದಲ್ಲಿ ಇಂಚಿಗೆ 252 ಚುಕ್ಕೆ ಬೀಳುತ್ತವೆ, ಕುಗ್ಗಿದ್ದರಲ್ಲಿ ಬರೀ 100. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಇದ್ದರೆ ಚೆಂದ ಎನ್ನುತ್ತಾರೆ, 250ರಲ್ಲೂ ಕಣ್ಣಿಗೆ ಕೊರತೆ ಕಾಣದು. ನೂರರಲ್ಲಿ ಮುಖ ಮಸುಕಾಗಿಯೇ ಬರುತ್ತದೆ.

2. ವಾಟ್ಸಾಪ್ ತೋರಿಸುವುದಕ್ಕೆ, ಕೂಡಿಡುವುದಕ್ಕಲ್ಲ

ನಮ್ಮ ಕರಾವಳಿಯ ಮನೆಗಳಲ್ಲಿ ಒಬ್ಬರು ದುಬೈಯಲ್ಲಿ, ಒಬ್ಬರು ಮುಂಬೈಯಲ್ಲಿ, ತಂದೆ ತಾಯಿ ಊರಲ್ಲಿ. ಮದುವೆಯ ಹಿಂದಿನ ರೋಸ್ ಶಾಸ್ತ್ರ ಇರಲಿ, ಮದರಂಗಿ ಇರಲಿ, ಗೃಹಪ್ರವೇಶ ಇರಲಿ, ಫೋಟೊ ಹಂಚುವುದು ಫ್ಯಾಮಿಲಿ ಗ್ರೂಪಿನಲ್ಲೇ. ಹಂಚಲಿ, ಸಂತೋಷ. ಆದರೆ ಫೋಟೊ ತೆಗೆದವರು ಜಾಗ ಸಾಲದೆಂದು ತಮ್ಮ ಫೋನಿನದನ್ನು ಅಳಿಸಿ, ‘ಗ್ರೂಪಲ್ಲಿ ಉಂಟಲ್ಲ ಮಾರಾಯ್ರೆ’ ಎಂದು ಸುಮ್ಮನಾದ ದಿನ ಮೂಲ ಹೋದಂತೆ.

2023ರ ಆಗಸ್ಟಿನಿಂದ ವಾಟ್ಸಾಪಿನಲ್ಲಿ ಎಚ್‌ಡಿ ಆಯ್ಕೆ ಬಂದಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಅದೂ ಹಿಂಡಿಯೇ ಕಳಿಸುತ್ತದೆ. ಮೂಲವೇ ತಲುಪಬೇಕಾದರೆ ಪೇಪರ್‌ಪಿನ್ ಗುರುತು ಒತ್ತಿ, ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೊ ಕಳಿಸಿ. ಹೀಗೆ 2 ಜಿಬಿವರೆಗಿನ ಕಡತ ಇದ್ದಂತೆಯೇ ಹೋಗುತ್ತದೆ. ಟೆಲಿಗ್ರಾಮಿನಲ್ಲೂ ‘ಫೈಲ್’ ಆಗಿ ಕಳಿಸಿದರೆ ಮಾತ್ರ ಮೂಲ. ಎದುರಿಗೇ ಕೂತಿದ್ದರೆ ಆಂಡ್ರಾಯ್ಡ್‌ನವರು ಕ್ವಿಕ್ ಶೇರ್, ಐಫೋನಿನವರು ಏರ್‌ಡ್ರಾಪ್ ಬಳಸಲಿ; ಡೇಟಾ ಖರ್ಚಿಲ್ಲ, ಗುಣಮಟ್ಟಕ್ಕೂ ಪೆಟ್ಟಿಲ್ಲ. ದೂರದವರಿಗೆ ಇನ್ನೂರು ಮುನ್ನೂರು ಫೋಟೊ ತಲುಪಿಸುವುದಿದ್ದರೆ ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕೊಡುವುದು ಸುಲಭ. ಡ್ರೈವ್ ಕಡತವನ್ನು ಮುಟ್ಟುವುದಿಲ್ಲ.

3. ಗೂಗಲ್ ಫೋಟೋಸ್‌ನ ಒಂದು ಸೆಟ್ಟಿಂಗ್ ಸರಿಮಾಡಿ

ಆ್ಯಪ್ ತೆರೆದು ಬಲಮೂಲೆಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್’, ಅದರೊಳಗೆ ‘ಬ್ಯಾಕಪ್ ಕ್ವಾಲಿಟಿ’ ನೋಡಿ. ‘ಒರಿಜಿನಲ್’ ಎಂದಿದ್ದರೆ ತೆಗೆದದ್ದು ತೆಗೆದಂತೆ ಹೋಗುತ್ತದೆ. ‘ಸ್ಟೋರೇಜ್ ಸೇವರ್’ ಎಂದಿದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ 16ಕ್ಕೆ ಇಳಿಯುತ್ತದೆ, ಅದಕ್ಕಿಂತ ಚಿಕ್ಕದೂ ಸ್ವಲ್ಪ ಹಿಂಡಿಸಿಕೊಳ್ಳುತ್ತದೆ; 4ಕೆ ವಿಡಿಯೊ 1080ಕ್ಕೆ ಬರುತ್ತದೆ. ಕೆಲವು ಫೋನುಗಳಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಮೂರನೆಯದೂ ಇರುತ್ತದೆ. ಅದು ಫೋಟೊವನ್ನು 3 ಮೆಗಾಪಿಕ್ಸೆಲ್‌ಗೆ ಇಳಿಸುತ್ತದೆ, ಅದರ ಕಡೆ ಹೋಗಲೇಬೇಡಿ.

ಸ್ಟೋರೇಜ್ ಸೇವರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 12 ಮೆಗಾಪಿಕ್ಸೆಲ್ ಫೋನಿನ ದಿನನಿತ್ಯದ ಫೋಟೊಗಳಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಹಾರ್ಡ್‌ಡಿಸ್ಕಿನಲ್ಲಿ ಮೂಲ ಇಟ್ಟುಕೊಂಡವರು ಎರಡನೆಯ ಪ್ರತಿಗೆ ಇದನ್ನು ಧಾರಾಳವಾಗಿ ಬಳಸಬಹುದು. ಆದರೆ ಒಮ್ಮೆ ಕುಗ್ಗಿಸಿ ಹೋದದ್ದು, ಆಮೇಲೆ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹಿಗ್ಗುವುದಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಫೋಟೋಸ್ ತೆರೆದಾಗ ‘ರಿಕವರ್ ಸ್ಟೋರೇಜ್’ ಎಂಬ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ. ಅದು ಅಲ್ಲಿರುವ ಮೂಲಗಳನ್ನೆಲ್ಲ ಶಾಶ್ವತವಾಗಿ ಕುಗ್ಗಿಸುವ ಗುಂಡಿ. ಬೇರೆ ಕಡೆ ಮೂಲ ಇಲ್ಲದವರು ಒತ್ತಬಾರದು.

4. ಉಚಿತ ಜಾಗದ ಲೆಕ್ಕ ಹಾಕಿ

2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಕುಗ್ಗಿಸಿದ ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗವಿತ್ತು. 2021ರ ಜೂನ್ 1ಕ್ಕೆ ಅದು ನಿಂತಿತು. ಈಗ ಇರುವುದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ. ಒಂದು ಫೋಟೊಗೆ 4 ಎಂಬಿ ಎಂದರೂ ಸುಮಾರು 3,700 ಫೋಟೊಗೆ ತುಂಬಿತು, ಅದೂ ಮೇಲ್ ಖಾಲಿ ಇದ್ದರೆ. ಆ್ಯಪಲ್‌ನ ಐಕ್ಲೌಡ್ ಉಚಿತವಾಗಿ ಕೊಡುವುದು 5 ಜಿಬಿ.

ಜಾಗ ನುಂಗುವುದು ವಿಡಿಯೊ. ಐಫೋನಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ಹಿಡಿಯುತ್ತದೆ. ಒಂದೂವರೆ ಗಂಟೆಯ ಯಕ್ಷಗಾನ ಚಿತ್ರೀಕರಿಸಿದರೆ 15 ಜಿಬಿ ಅಲ್ಲಿಗೇ ಮುಗಿಯಿತು. ಹಾಗಾಗಿ ಫೋಟೊಗಳಿಗೆ ಮೂಲ ಗುಣಮಟ್ಟ, ಉದ್ದದ ವಿಡಿಯೊಗಳಿಗೆ ಹಾರ್ಡ್‌ಡಿಸ್ಕ್ ಎಂದು ಹಂಚಿಕೊಂಡರೆ ತಿಂಗಳ ಬಾಡಿಗೆ ಹಿಡಿತದಲ್ಲಿರುತ್ತದೆ. ‘ಗುಡ್ ಮಾರ್ನಿಂಗ್’ ಚಿತ್ರ, ಸ್ಕ್ರೀನ್‌ಶಾಟ್, ಒಂದೇ ಭಂಗಿಯ ಹತ್ತು ಫೋಟೊ ಅಳಿಸಿದರೆ ಜಾಗ ಕೊಳ್ಳುವ ಪ್ರಮೇಯವೇ ಎಷ್ಟೋ ಮನೆಗಳಲ್ಲಿ ಬರುವುದಿಲ್ಲ.

5. ಕ್ಲೌಡಿನಲ್ಲಿದೆ ಎಂದು ಮೈಮರೆಯಬೇಡಿ

ಗೂಗಲ್ ಫೋಟೋಸ್, ಐಕ್ಲೌಡ್ ಎರಡೂ ಕನ್ನಡಿಯಂತೆ ಕೆಲಸ ಮಾಡುತ್ತವೆ: ಫೋನಿನ ಆ ಆ್ಯಪಿನಲ್ಲಿ ಅಳಿಸಿದರೆ ಕ್ಲೌಡಿನಲ್ಲಿಯೂ ಅಳಿಯುತ್ತದೆ. ಮಗು ಫೋನ್ ಹಿಡಿದು ಒತ್ತಿದ್ದು ಎರಡು ತಿಂಗಳು ಯಾರ ಗಮನಕ್ಕೂ ಬರದಿದ್ದರೆ ಮುಗಿಯಿತು. ಬ್ಯಾಕಪ್ ಆದ ಫೋಟೊ ಗೂಗಲ್‌ನ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಐಫೋನಿನಲ್ಲಿ 30 ದಿನ. ಫೋನಿನ ಜಾಗ ಮಾತ್ರ ಖಾಲಿಯಾಗಬೇಕಾದರೆ ಒಂದೊಂದಾಗಿ ಅಳಿಸದೆ, ಗೂಗಲ್ ಫೋಟೋಸ್‌ನೊಳಗಿನ ‘ಫ್ರೀ ಅಪ್ ಸ್ಪೇಸ್’ ಬಳಸಿ.

6. ಮೂರು ಪ್ರತಿ, ಎರಡು ಬಗೆ, ಒಂದು ದೂರ

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇದು. ಪ್ರತಿಯೊಂದು ಫೋಟೊಗೆ ಮೂರು ಪ್ರತಿ; ಅವು ಕನಿಷ್ಠ ಎರಡು ಬೇರೆ ಬಗೆಯ ಜಾಗದಲ್ಲಿ; ಅವುಗಳಲ್ಲಿ ಒಂದಾದರೂ ಮನೆಯಿಂದ ದೂರ. ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು ಇದ್ದರೆ ಲೆಕ್ಕ ಸರಿಹೋಯಿತು.

ಈ ‘ದೂರ’ದ ಬೆಲೆ ಏನೆಂದು ಮಂಗಳೂರಿಗೆ ಚೆನ್ನಾಗಿ ಗೊತ್ತು. ಬಾಸೆಲ್ ಮಿಶನ್ ಇಲ್ಲಿಗೆ ಬಂದದ್ದು 1834ರಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಶಾಲೆ, ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆ, ಮನೆ, ಮಂದಿಯ ಫೋಟೊಗಳನ್ನು ಅವರು ತೆಗೆಸಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕಳಿಸುತ್ತಿದ್ದರು. ಮೊದಲ ಮಹಾಯುದ್ಧ ಬಂದು ಅವರಲ್ಲಿದ್ದ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಅವರ ಕಾರ್ಖಾನೆಗಳು ಕೈತಪ್ಪಿದವು. ಬಾಸೆಲ್ ಸೇರಿದ್ದ ಫೋಟೊಗಳು ಮಾತ್ರ ಅಲ್ಲಿನ ಸಂಗ್ರಹಾಲಯದಲ್ಲಿ ಭದ್ರವಾಗಿ ಉಳಿದವು. ಇವತ್ತು ಅವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ನೂರು ವರ್ಷಕ್ಕೂ ಹಿಂದಿನ ಮಂಗಳೂರನ್ನು ನಾವು ಮನೆಯಲ್ಲೇ ಕೂತು ನೋಡುವುದು ಒಂದು ಪ್ರತಿ ಸಮುದ್ರದಾಚೆ ಇದ್ದುದರಿಂದ.

ನಮ್ಮ ಕಾಲಕ್ಕೆ ಬಂದರೆ, 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಮನೆ ಸಾಮಾನೆಲ್ಲ ಅಲ್ಲೇ ಬಿಟ್ಟು ಊರಿಗೆ ಮರಳಿದವರು ಕರಾವಳಿಯಲ್ಲಿ ಬೇಕಾದಷ್ಟು ಮಂದಿ. ಅಂಥ ಹೊತ್ತಲ್ಲಿ ಆಲ್ಬಂ ಹೊತ್ತು ತರುವವರು ಯಾರು? ಊರಿನವರಿಗೆ ಪತ್ರದ ಜೊತೆ ಅಂಚೆಯಲ್ಲಿ ಕಳಿಸಿದ ಪ್ರತಿಗಳೇ ಗತಿ. ಇವತ್ತು ಗಲ್ಫಿನಲ್ಲಿ ಅಣ್ಣನೋ ಅಕ್ಕನೋ ಇರುವ ಮನೆಯವರಿಗೆ ದೂರದ ಪ್ರತಿ ಬಹಳ ಸುಲಭ. ರಜೆಗೆ ಬಂದವರ ಕೈಯಲ್ಲಿ ಒಂದು ಹಾರ್ಡ್‌ಡಿಸ್ಕ್ ಕಳಿಸಿ, ಮುಂದಿನ ರಜೆಗೆ ಬರುವಾಗ ಅದನ್ನು ತರಿಸಿ ಹೊಸ ಫೋಟೊ ಸೇರಿಸಿ.

7. ಹಾರ್ಡ್‌ಡಿಸ್ಕಿಗೆ ನಮ್ಮ ಮಳೆ ತಾಗದಂತೆ ನೋಡಿಕೊಳ್ಳಿ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರು ಮಂಗಳೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಬರುತ್ತದೆ. ಹಾರ್ಡ್‌ಡಿಸ್ಕನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹೆಂಚಿನ ಮನೆಯಾದರೆ ಅಟ್ಟ ಬೇಡ, ಹೊರಗೋಡೆಗೆ ತಾಗಿದ ಕಪಾಟಿನ ಕೆಳಗಿನ ಅರೆಯೂ ಬೇಡ. ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಸಿಕ್ಕಿಸಬೇಡಿ. ತಣ್ಣಗಿನ ಲೋಹದ ಮೇಲೆ ನೀರು ಬೆವರುತ್ತದೆ, ಅರ್ಧ ಗಂಟೆ ಬಿಡಿ. ಮೇ ತಿಂಗಳ ಸಂಜೆ, ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಕಂಪ್ಯೂಟರಿನಿಂದ ಅದನ್ನು ಬಿಡಿಸಿ. ಕಾಪಿ ಆಗುತ್ತಿದ್ದರೂ ನಿಲ್ಲಿಸಿ.

ಕಪಾಟಿಗೆ ಸೇರಿದ ಡಿಸ್ಕು ವರ್ಷಗಟ್ಟಲೆ ಹೊರಗೆ ಬರದಿದ್ದರೆ ಅದು ಬದುಕಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿಗೆ ಒಮ್ಮೆ ಸಿಕ್ಕಿಸಿ, ಹಳೆಯ ಫೋಲ್ಡರಿನ ನಾಲ್ಕೈದು ಫೋಟೊ ತೆರೆದು ನೋಡಿ. ಐದು ವರ್ಷ ದಾಟಿದ ಡಿಸ್ಕನ್ನು ಒಂಟಿಯಾಗಿ ನಂಬಬೇಡಿ. ‘ಕಿಟಕಿಟ’ ಸದ್ದು ಬಂದರೆ ಪದೇ ಪದೇ ಸಿಕ್ಕಿಸಿ ನೋಡುತ್ತಾ ಕೂರಬೇಡಿ, ಪ್ರತಿ ಸಲವೂ ಒಳಗೆ ಇನ್ನಷ್ಟು ಗೀಚಬಹುದು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಬಿದ್ದರೆ ಹಾರ್ಡ್‌ಡಿಸ್ಕಿನಷ್ಟು ಬೇಗ ಕೆಡುವುದಿಲ್ಲ, ವೇಗವೂ ಹೆಚ್ಚು. ಆದರೆ ವಿದ್ಯುತ್ ಕಾಣದೆ ವರ್ಷಾನುಗಟ್ಟಲೆ ಬಿದ್ದಿದ್ದರೆ ಅದರೊಳಗಿನ ಚಾರ್ಜ್ ಸೋರಿ ಕಡತ ಹಾಳಾಗುವ ಸಾಧ್ಯತೆ ಇದೆ. ಕಪಾಟಿನಲ್ಲಿ ಮಲಗಿಸುವುದಕ್ಕೆ ಹಾರ್ಡ್‌ಡಿಸ್ಕ್, ದಿನಾ ಬಳಸುವುದಕ್ಕೆ ಎಸ್‌ಎಸ್‌ಡಿ ಎಂದು ಆರಿಸುವುದು ಜಾಣತನ.

8. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಸಾಗಣೆಗೆ ಮಾತ್ರ

ಅಗ್ಗದ ದರಕ್ಕೆ ‘1 ಟಿಬಿ’ ಎಂದು ಮಾರುವ ಕಾರ್ಡುಗಳಲ್ಲಿ ನಕಲಿ ಬಹಳ. ಒಳಗೆ 32 ಜಿಬಿ ಇದ್ದು ಹೊರಗೆ 1 ಟಿಬಿ ಎಂದು ತೋರಿಸುತ್ತವೆ. ತುಂಬಿದ ಮೇಲೆ ಹೊಸದು ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ಕೊಂಡ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ. ಅಸಲಿ 1 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ, ಅದು ಲೆಕ್ಕದ ಪದ್ಧತಿಯ ವ್ಯತ್ಯಾಸ.

9. ಐಫೋನಿನವರು ಎರಡು ಕಡೆ ನೋಡಿಕೊಳ್ಳಿ

‘ಆಪ್ಟಿಮೈಸ್ ಸ್ಟೋರೇಜ್’ ಚಾಲೂ ಇದ್ದರೆ ಫೋನಿನಲ್ಲಿ ಉಳಿಯುವುದು ಎಷ್ಟೋ ಸಲ ಚಿಕ್ಕ ಪ್ರತಿ, ಮೂಲ ಐಕ್ಲೌಡಿನಲ್ಲಿ ಇರುತ್ತದೆ. ಐಕ್ಲೌಡ್ ಬಿಡುವ ಮೊದಲು ಮೂಲಗಳನ್ನೆಲ್ಲ ಇಳಿಸಿಕೊಳ್ಳಬೇಕು. ಇನ್ನೊಂದು, ಕಂಪ್ಯೂಟರಿಗೆ ಕೇಬಲ್ ಹಾಕಿ ವರ್ಗಾಯಿಸುವಾಗ ಫೋಟೋಸ್ ಸೆಟ್ಟಿಂಗ್ಸ್‌ನ ಕೆಳತುದಿಯಲ್ಲಿ ‘ಕೀಪ್ ಒರಿಜಿನಲ್ಸ್’ ಇರಲಿ. ‘ಆಟೊಮ್ಯಾಟಿಕ್’ ಇದ್ದರೆ ಅದು ಐಫೋನಿನ ಎಚ್‌ಇಐಸಿ ಮಾದರಿಯ ಕಡತವನ್ನು ಜೆಪೆಗ್‌ಗೆ ಬದಲಿಸಿ ಕೊಡಬಹುದು.

10. ತಿದ್ದುವುದಾದರೆ ಪ್ರತಿಯನ್ನು ತಿದ್ದಿ

ಜೆಪೆಗ್ ಚಿತ್ರವನ್ನು ತೆರೆದು, ತಿದ್ದಿ, ಮತ್ತೆ ಉಳಿಸಿದ ಪ್ರತಿ ಸಲವೂ ಅದು ಹೊಸದಾಗಿ ಹಿಂಡಿಸಿಕೊಳ್ಳುತ್ತದೆ. 8×8 ಚುಕ್ಕೆಗಳ ಚಿಕ್ಕ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುವುದು ಅದರ ಕ್ರಮ. ಪದೇ ಪದೇ ಹೀಗಾದರೆ ಆಕಾಶದಲ್ಲಿ, ಕೆನ್ನೆಯ ಮೇಲೆ ಆ ಚೌಕಗಳು ಎದ್ದು ಕಾಣತೊಡಗಬಹುದು. ‘ಸೇವ್ ಆ್ಯಸ್ ಕಾಪಿ’ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಸುಮ್ಮನೆ ತೆರೆದು ನೋಡಿದರೆ, ಹೆಸರು ಬದಲಿಸಿದರೆ, ಫೋಲ್ಡರ್ ಬದಲಿಸಿದರೆ ಏನೂ ಆಗದು.

11. ಹಳೆಯ ಆಲ್ಬಮನ್ನು ಫೋನಿನಿಂದ ಕ್ಲಿಕ್ಕಿಸಿ ಮುಗಿಸಬೇಡಿ

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಎಂಬತ್ತು ತೊಂಬತ್ತರ ದಶಕದ ಆಲ್ಬಂಗಳು ನಮ್ಮ ತೇವಕ್ಕೆ ಬೇಗ ಹಳದಿಯಾಗುತ್ತವೆ. ಕಾಯುವಷ್ಟು ಸಮಯ ಇಲ್ಲ. ಪ್ಲಾಸ್ಟಿಕ್ ಮೇಲಿನಿಂದ ಫೋನಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಬಿಳಿ ಗೆರೆಯೂ ಸೇರಿಯೇ ಬರುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 4×6 ಇಂಚಿನ ಪ್ರಿಂಟನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2400×3600 ಅಳತೆ ಸಿಗುತ್ತದೆ, ಅದರಿಂದ ಇಮ್ಮಡಿ ದೊಡ್ಡ ಪ್ರಿಂಟ್ ನಿರಾತಂಕವಾಗಿ ತೆಗೆಸಬಹುದು. ಅಂಟಿಕೊಂಡ ಫೋಟೊವನ್ನು ಉಗುರಿನಿಂದ ಎಬ್ಬಿಸಬೇಡಿ. ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರವನ್ನು ಕೆಳಗಿನಿಂದ ಮೆಲ್ಲಗೆ ಗರಗಸದಂತೆ ಎಳೆಯುತ್ತಾ ಹೋದರೆ ಬಿಡುತ್ತದೆ. ಬಿಡದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ.

ನೆಗೆಟಿವ್ ಉಳಿದಿದ್ದರೆ ಭಾಗ್ಯ. ಪ್ರಿಂಟಿನಲ್ಲಿ ಇಲ್ಲದ ವಿವರ ಅದರಲ್ಲಿರುತ್ತದೆ. 35 ಮಿಮೀ ನೆಗೆಟಿವನ್ನು 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೂ ಹೆಚ್ಚು ಕಡಿಮೆ 7.7 ಮೆಗಾಪಿಕ್ಸೆಲ್ ಬರುತ್ತದೆ. ಮುಖ್ಯವಾದವನ್ನು ಟಿಫ್ ರೂಪದಲ್ಲಿ ಉಳಿಸಿ, ಹಂಚುವುದಕ್ಕೆ ಜೆಪೆಗ್ ಮಾಡಿಕೊಳ್ಳಿ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯಬೇಡಿ. ಇನ್ನೊಂದು ಕೆಲಸವನ್ನು ಇದರ ಜೊತೆಗೇ ಮಾಡಿ: ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೊದಲ್ಲಿ ಇರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಕಡತದ ಹೆಸರಿನಲ್ಲೇ ಬರೆಯಿರಿ. ಎಷ್ಟೇ ಸ್ಪಷ್ಟವಾಗಿರಲಿ, ಹೆಸರು ಗೊತ್ತಿಲ್ಲದ ಮುಖವನ್ನು ಮುಂದಿನವರು ಇಟ್ಟುಕೊಳ್ಳುವುದಿಲ್ಲ.

12. ಮದುವೆ ಫೋಟೊದ ಮಾತನ್ನು ಅಡ್ವಾನ್ಸ್ ಕೊಡುವ ಮೊದಲೇ ಆಡಿ

ಆಲ್ಬಂ ಎಷ್ಟು ಹಾಳೆ, ಡ್ರೋನ್ ಇದೆಯೋ ಇಲ್ಲವೋ ಎಂದು ಕೇಳುವವರು ಮೂಲ ಕಡತದ ಬಗ್ಗೆ ಕೇಳುವುದೇ ಇಲ್ಲ. ಪೂರ್ತಿ ಅಳತೆಯ ಎಲ್ಲಾ ಜೆಪೆಗ್‌ಗಳು ಸಿಗಬೇಕು, ಆಲ್ಬಮಿಗೆ ಆರಿಸಿದವು ಮಾತ್ರ ಅಲ್ಲ ಎಂದು ಸ್ಪಷ್ಟವಾಗಿ ಹೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹೊಸ ಹಾರ್ಡ್‌ಡಿಸ್ಕ್ ನೀವೇ ಕೊಡಿ. ಸ್ಟುಡಿಯೊದವರು ತಮ್ಮ ಪ್ರತಿಯನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತಾರೆ ಎಂದೂ ಕೇಳಿ. ಸೀಸನ್ ಮುಗಿಯುತ್ತಲೇ ಅವರಿಗೂ ಜಾಗ ಬೇಕಾಗುತ್ತದೆ. ಡಿಸ್ಕು ಕೈಗೆ ಬಂದ ದಿನವೇ ಎರಡನೆಯ ಪ್ರತಿ ಮಾಡಿ. ಎರಡೂ ಕಡೆ ಕಡತಗಳ ಸಂಖ್ಯೆ, ಒಟ್ಟು ಗಾತ್ರ ಹೊಂದುತ್ತದೆಯೇ ನೋಡಿ. ಹೊಂದಿದರೆ ಮಾತ್ರ ಸ್ಟುಡಿಯೊದವರಿಗೆ ‘ಆಯಿತು’ ಎನ್ನಿ.

13. ಬೇರೆಯವರ ಖಾತೆಯಲ್ಲಿ ಮನೆಯ ಫೋಟೊ ಇಡಬೇಡಿ

ಕಾಲೇಜು ಕೊಟ್ಟ ಮೇಲ್ ಐಡಿಯಲ್ಲಿ ಒಂದು ಕಾಲಕ್ಕೆ ಮಿತಿಯಿಲ್ಲದ ಜಾಗವಿತ್ತು. 2022ರಿಂದ ಗೂಗಲ್ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಎಂದು ಕಟ್ಟು ಹಾಕಿತು. ಓದು ಮುಗಿದ ಮೇಲೆ ಖಾತೆಯೇ ಮುಚ್ಚಬಹುದು. ಕಂಪನಿಯ ಲ್ಯಾಪ್‌ಟಾಪಿಗೂ ಇದೇ ಮಾತು. ಮಂಗಳೂರಿನಷ್ಟು ವಿದ್ಯಾರ್ಥಿಗಳಿರುವ ಊರಿನಲ್ಲಿ ಇದನ್ನು ಪ್ರತಿ ಬ್ಯಾಚಿಗೂ ಹೇಳಬೇಕು.

ಗಲ್ಫಿನಿಂದ ಊರಿಗೆ ಮರಳುವವರು ಇನ್ನೊಂದನ್ನು ಗಮನಿಸಿ. ಗೂಗಲ್ ಖಾತೆಗೆ ಅಲ್ಲಿಯ ಮೊಬೈಲ್ ನಂಬರ್ ಜೋಡಿಸಿರುತ್ತೀರಿ. ಸಿಮ್ ರದ್ದಾದ ಮೇಲೆ ಒಟಿಪಿ ಬರುವುದಿಲ್ಲ, ಫೋನ್ ಬದಲಿಸಿದ ದಿನ ಇಡೀ ಸಂಗ್ರಹದ ಬಾಗಿಲು ಮುಚ್ಚಿಬಿಡಬಹುದು. ವಿಮಾನ ಹತ್ತುವ ಮೊದಲೇ ಊರಿನ ನಂಬರ್ ಸೇರಿಸಿ, ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

14. ಹೊರಬರುವ ದಾರಿ ಗೊತ್ತಿರಲಿ

ಯಾವ ಸೇವೆಗೆ ಸೇರುವ ಮೊದಲೂ ಎಲ್ಲ ಫೋಟೊಗಳನ್ನು ಒಟ್ಟಿಗೆ ವಾಪಸ್ ಪಡೆಯುವುದು ಹೇಗೆಂದು ನೋಡಿ. ಗೂಗಲ್‌ನಲ್ಲಿ ‘ಟೇಕ್‌ಔಟ್’ ಇದೆ. ಅದರಲ್ಲಿ ಫೋಟೊ ಒಂದು ಕಡತ, ಅದಕ್ಕೆ ನೀವು ಬರೆದ ವಿವರಣೆ, ತಿದ್ದಿದ ತಾರೀಕು ಇನ್ನೊಂದು ಜೇಸನ್ ಕಡತವಾಗಿ ಬರುತ್ತವೆ. ಎರಡನ್ನೂ ಬಿಸಾಡದೆ ಒಟ್ಟಿಗೆ ಇಡಿ. ಖಾಸಗಿತನ ಮುಖ್ಯ ಎನ್ನುವವರಿಗೆ ಎಂಟೆ ಎಂಬ ಸೇವೆ ಇದೆ, ಮೂಲ ಕಡತವನ್ನು ಗೂಢಲಿಪಿಯಲ್ಲೇ ಇಡುತ್ತದೆ. ಮನೆಯಲ್ಲೇ ಸರ್ವರ್ ನಡೆಸಬಲ್ಲವರಿಗೆ ಇಮ್ಮಿಚ್ ಇದೆ. ಎರಡೂ ಮುಕ್ತ ತಂತ್ರಾಂಶ.

15. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು

ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಫೋಟೊ ಜೋಪಾನ ಮಾಡುತ್ತಿದ್ದವರು ಹಾಸಿಗೆ ಹಿಡಿದರೆ, ತೀರಿಕೊಂಡರೆ ಮನೆಯವರಿಗೆ ಒಳಹೋಗುವ ದಾರಿ ಇರಬೇಕು. ಗೂಗಲ್ ಖಾತೆಯಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ತೆರೆದು ಮಗಳದ್ದೋ ತಮ್ಮನದ್ದೋ ಮೇಲ್ ಐಡಿ ಕೊಡಿ. ನೀವು ಗೊತ್ತುಮಾಡಿದಷ್ಟು ತಿಂಗಳು ಖಾತೆ ಸದ್ದಿಲ್ಲದಿದ್ದರೆ ಅವರಿಗೆ ಫೋಟೊಗಳನ್ನು ಇಳಿಸಿಕೊಳ್ಳುವ ಅವಕಾಶ ಹೋಗುತ್ತದೆ. ಐಫೋನಿನಲ್ಲಿ ಇದಕ್ಕೆ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ವ್ಯವಸ್ಥೆ 2021ರ ಡಿಸೆಂಬರಿನಿಂದ ಇದೆ. ಅದರಲ್ಲಿ ಸಿಗುವ ಕೀಲಿ ಸಂಖ್ಯೆಯನ್ನು ಪ್ರಿಂಟ್ ತೆಗೆದು, ಯಾವ ಹಾರ್ಡ್‌ಡಿಸ್ಕ್ ಎಲ್ಲಿದೆ ಎಂದು ಅದೇ ಕಾಗದದಲ್ಲಿ ಬರೆದು, ಜಾಗದ ಆರ್‌ಟಿಸಿ, ತೆರಿಗೆ ರಸೀದಿ ಇರುವ ಫೈಲಿನಲ್ಲಿ ಸೇರಿಸಿ. ಆ ಫೈಲನ್ನು ಮನೆಯವರು ಯಾವ ಕಾರಣಕ್ಕಾದರೂ ತೆರೆದೇ ತೆರೆಯುತ್ತಾರೆ.